ದಾರದ ಅಳತೆಯ ಒಳಲೆ

ಮೊನ್ನೆ ಮಠದಲ್ಲಿ ದಾಸೋಹದ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ನವಸಾಗರದ ಬಿಳಿ ಹೊಗೆ ಮೂಗಿಗೆ ಬಡಿದದ್ದೇ ತಡ, ಹೊಳಲ್ಕೆರೆಯಲ್ಲಿ ನನ್ನ ತವರುಮನೆಯ ಎದುರಿಗಿದ್ದ ಕಲಾಯಿ ಸಾಬರು ನೆನಪಾದರು...

ಎಪ್ಪತ್ತರ ದಶಕದ ಮಾತು, ಮಕ್ಕಳೇ. ನಿಮ್ಮಮ್ಮ ಎಂಟನೇ ತಿಂಗಳಿಗೇ ಹುಟ್ಟಿಬಿಟ್ಟಿದ್ದಳು. ಎದೆಗೆ ಹಾಕಿಕೊಂಡರೆ ಚೀಪುವ ಶಕ್ತಿಯಿರಲಿಲ್ಲ. ಹಾಲು ಹಿಂಡಿ ಒಳಲೆಯಲ್ಲಿ ಕುಡಿಸುತ್ತಿದ್ದೆವು. ಒಳಲೆ ಎಂದರೆ ಕೂಸಿಗೆ ಹಾಲು ಹಾಕುವ, ಮೂತಿಯಿರುವ ಪುಟ್ಟ ಬಟ್ಟಲು, ನೀವು ನೋಡಿಲ್ಲ. ಮನೆಯಲ್ಲಿದ್ದುದರ ಮೂತಿ ಅಗಲ. ಹಾಲು ಒಮ್ಮೆಲೇ ನುಗ್ಗಿ ನೆತ್ತಿಗೆ ಹತ್ತುತ್ತಿತ್ತು, ಕೂಸಿನ ಮುಖ ನೀಲಿಗಟ್ಟುತ್ತಿತ್ತು. ಕುಡಿಸಲು ಭಯ, ಕುಡಿಸದಿದ್ದರೆ ಕೂಸು ಉಳಿಯುವುದಿಲ್ಲ.

ಆ ಒಳಲೆಗೆ ಕಲಾಯಿ ಹಾಕಿಸಲು ಹೋದ ನನ್ನವ್ವ ಅಂಗಡಿಯಲ್ಲೇ ಅತ್ತುಬಿಟ್ಟಳಂತೆ. ಸಾಬರು ಒಳಲೆಯನ್ನು ತಿರುಗಿಸಿ ನೋಡಿ, "ಕಲಾಯಿ ಹಾಕಿದ್ರೆ ಏನ್ ಬಂತಕ್ಕ? ಇದ್ರ ಮೂತೀನೇ ಸರಿ ಇಲ್ಲ. ಬ್ಯಾರೆ ಮಾಡ್ತೀನಿ, ತಡೀರಿ" ಎಂದರಂತೆ.

ಮರುದಿನ ಬೆಳಿಗ್ಗೆ ಬಾಣಂತಿ ಕೋಣೆಯ ಕಿಟಕಿಯಿಂದ ನೋಡುತ್ತೇನೆ, ಅಷ್ಟುದ್ದ ಗಡ್ಡದ ಮನುಷ್ಯ ಅಂಗಡಿ ಜಗಲಿಯ ಮೇಲೆ ತನ್ನ ಮುದಿ ತಾಯಿಯ ತೊಡೆಗೆ ತಲೆಯಿಟ್ಟು ಅಂಗಾತ ಮಲಗಿದ್ದಾರೆ! ಆ ತಾಯಿ ಹೊಸ ಒಳಲೆಯಿಂದ ಮಗನ ಬಾಯಿಗೆ ನೀರು ಬಿಡುತ್ತಿದ್ದಾರೆ. ಬೀದಿಯವರೆಲ್ಲ ನಕ್ಕರು. ಎಷ್ಟೋ ದಿನದ ಮೇಲೆ ಅವ್ವನೂ ನಕ್ಕಳು.

"ಕೂಸೇನು ನಿಮ್ಮಂಗೆ ಕಾಳು ತುಂಬೋ ಹಗೇವಿನಷ್ಟು ಬಾಯಿ ತೆಗಿತೈತಾ, ಸಾಬ್ರೇ?" ಎಂದಳು.

ಸಾಬರು ನಗಲಿಲ್ಲ. ಎದ್ದು ಕುಳಿತು, "ಹೌದಲ್ಲ... ಬಾಯಿ ಎಷ್ಟೈತೆ, ಅಳತೆ ಕಳಿಸ್ರಿ" ಎಂದರು.

ನಿದ್ದೆಯಲ್ಲಿದ್ದ ಕೂಸಿನ ತುಟಿಯ ಮೇಲೆ ದಾರವಿಟ್ಟು, ಈ ಕೊನೆಯಿಂದ ಆ ಕೊನೆಗೆ ಅಳೆದು ಕತ್ತರಿಸಿದೆ. ಅವ್ವ ಕೊಟ್ಟುಬಂದಳು. ಅದನ್ನು ಅಂಗೈಯಲ್ಲಿಟ್ಟುಕೊಂಡು ಸಾಬರು "ಇಷ್ಟೇ ಏನಕ್ಕ?" ಎಂದದ್ದು ನನ್ನ ಕೋಣೆಗೂ ಕೇಳಿಸಿತು. ಆಮೇಲೆ ಸುತ್ತಿಗೆಯ ಸಣ್ಣ ಸದ್ದು ಬಹಳ ಹೊತ್ತು ಬರುತ್ತಲೇ ಇತ್ತು.

ಸಂಜೆಗೆ ಬಂದ ಒಳಲೆಯ ಮೂತಿ ಗುಬ್ಬಿಯ ಕೊಕ್ಕಿನಷ್ಟು ಸಣ್ಣ, ತುಸು ಪಕ್ಕಕ್ಕೆ ಬಾಗಿತ್ತು. ಸಂದಿಯಲ್ಲಿ ಹಾಲು ಕೂತು ಕೊಳೆಯಬಾರದೆಂದು ಬೆಸುಗೆ ಹಾಕದೆ ಒಂದೇ ತಗಡಿನಲ್ಲಿ ಬಡಿದಿದ್ದರು. "ದಿನಾ ಕುದಿಯೋ ನೀರಾಗೆ ಹಾಕಿ ತೆಗೀರಿ. ನಾಲಿಗೆ ಮ್ಯಾಲೆ ಸುರೀಬ್ಯಾಡ್ರಿ, ಕೆನ್ನೆ ಸಂದಿಗೆ ಬಿಡ್ರಿ" ಎಂದು ಬಾಗಿಲಲ್ಲೇ ನಿಂತು ಅವ್ವನಿಗೆ ಹೇಳಿ ಹೋದರು.

ಒಂದು ಹನಿ ಬಿಟ್ಟೆ. ಕೂಸಿನ ಗಂಟಲು ಆಡಿತು. ಇನ್ನೊಂದು ಬಿಟ್ಟೆ... ನೆತ್ತಿಗೆ ಹತ್ತಲಿಲ್ಲ. ತಿಂಗಳು ತುಂಬುವುದರೊಳಗೆ ತಾನೇ ಎದೆ ಚೀಪಿದಳು.

ಸುದ್ದಿ ಹರಡಿ, ಹೊಸದುರ್ಗದ ಕಡೆಯಿಂದಲೂ ಜನ ದಾರ ಹಿಡಿದು ಬಂದರು. ಆ ತುಂಡು ದಾರಗಳನ್ನೆಲ್ಲ ಸಾಬರು ಒಂದು ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದರಂತೆ. ಒಂದನ್ನೂ ಎಸೆದವರಲ್ಲ ಎಂದು ಅವ್ವ ಹೇಳುತ್ತಿದ್ದಳು.

ಅವರು ತೀರಿಕೊಂಡದ್ದು ನನಗೆ ತಡವಾಗಿ ತಿಳಿಯಿತು. ತವರಿಗೆ ಹೋದಾಗಲೆಲ್ಲ ಜಗಲಿಯ ಮೇಲೆ ಕಾಣುತ್ತಿದ್ದರು. ಆದರೆ ನನಗೆ ನಾಚಿಕೆ... ಒಂದು ದಿನವೂ ಎದುರು ನಿಂತು ಮಾತಾಡಿಸಲಿಲ್ಲ. ಈಗ ಮಾತಾಡಿಸುತ್ತೇನೆಂದರೆ ಅವರಿಲ್ಲ.

ನಿನ್ನೆ ಊಟಕ್ಕೆ ಕುಳಿತಾಗ, ಸಾಕೆಂದರೂ ಕೇಳದೆ ನಿಮ್ಮಮ್ಮ ನನ್ನ ತಟ್ಟೆಗೆ ಇನ್ನರ್ಧ ಮುದ್ದೆ ಹಾಕಿ, "ಸುಮ್ನೆ ಉಣ್ಣವ್ವ" ಎಂದು ಗದರಿದಳು. ಉಂಡೆ.