ಬರೆಯದೆ ಬಿಟ್ಟ ನಗೆಮಾತು

ಮೂವತ್ತು ವರ್ಷ ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರರಾಗಿದ್ದು ನಿವೃತ್ತರಾದ ಆ ಹಿರಿಯರಿಗೆ ದೂರಶಿಕ್ಷಣದ ಕಾಲೇಜೊಂದು ಕೆಲಸ ಕೊಟ್ಟಿತ್ತು. ಆನ್‌ಲೈನ್ ತರಗತಿಯ ಮಾತುಗಳನ್ನು ಆಗಿಂದಾಗಲೇ ಬೆರಳಚ್ಚಿಸಿ, ಕಿವಿ ಕೇಳದ ವಿದ್ಯಾರ್ಥಿಗಳಿಗಾಗಿ ಪರದೆಯ ಕೆಳಗೆ ಹರಿಯಬಿಡುವ ಕಾಯಕವದು. ಅವರ ಬೆರಳಿಗೆ ದಣಿವಿರಲಿಲ್ಲ, ಅಕ್ಷರ ತಪ್ಪುತ್ತಿರಲಿಲ್ಲ. ಆದರೆ ವಿಚಾರಣೆಗೆ ಹೊರತಾದುದನ್ನು ಬರೆಯದಿರುವ ನ್ಯಾಯಾಲಯದ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ. ತರಗತಿಯವರು ನಕ್ಕರೆ, ಆವರಣ ಚಿಹ್ನೆಯೊಳಗೆ ‘ನಗು’ ಎಂದಷ್ಟೇ ಬರೆದು ಮುಂದೆ ಸಾಗುತ್ತಿದ್ದರು.

ಒಂದು ಬೆಳಗ್ಗೆ ಬೀಗ ರಿಪೇರಿಯವನೊಬ್ಬ ಅವರ ಕೊಠಡಿಯ ಬಾಗಿಲಲ್ಲಿ ಬಂದು ನಿಂತ. ಕಿವಿ ಕೇಳದ ಅವನ ಮಗಳು ಆ ತರಗತಿಯ ವಿದ್ಯಾರ್ಥಿನಿ.

“ಸಾರ್, ಸೋಮವಾರದಿಂದ ಓದೇ ಬೇಡ ಅಂತ ಕೂತಿದ್ದಾಳೆ. ನಗು, ನಗು ಅಂತ ಬರೀತೀರಂತೆ. ಯಾಕೆ ನಕ್ಕರು ಅಂತ ಒಂದು ಸಲನೂ ಬರೆಯಲ್ವಂತೆ. ಅವಳನ್ನ ನೋಡೇ ನಗ್ತಾರಾ?”

“ಛೆ ಛೆ! ಪಾಠಕ್ಕೆ ಸಂಬಂಧ ಇಲ್ಲದ ಹರಟೆ ಕಣಯ್ಯಾ.”

“ಖಾಲಿ ಪೆಟ್ಟಿಗೆಗೆ ಯಾರೂ ಬೀಗ ಹಾಕಲ್ಲ ಸಾರ್.”

ಹಿರಿಯರ ಹುಬ್ಬು ಗಂಟಿಕ್ಕಿತು. ಅವರ ಬರಹವನ್ನು ಯಾವ ವಕೀಲನೂ ಶಂಕಿಸಿದ್ದಿಲ್ಲ. ಆತ ಹೋದ ಮೇಲೆ, ಹಳೆಯ ತರಗತಿಗಳ ಧ್ವನಿಮುದ್ರಣ ತೆರೆದು, ನಗು ಬಂದಲ್ಲೆಲ್ಲ ನಿಲ್ಲಿಸಿ ಕೇಳಿದರು. ಮೇಷ್ಟರ ಬೋಳುತಲೆ, ಯಾರದೋ ಮೇಜಿಗೆ ಹಾರಿದ ಬೆಕ್ಕು. ಎಂಟನೆಯ ನಗುವಿನಲ್ಲಿ ಕೈ ತಡೆಯಿತು. ಪರದೆಯ ಕೆಳಗಿನ ಸಾಲು ಓದಿ ಪ್ರಶ್ನೆ ಕಳಿಸುವಷ್ಟರಲ್ಲಿ ಆ ಹುಡುಗಿಗೆ ತುಸು ತಡವಾಗುತ್ತಿತ್ತು. ಅಂದು ಅವಳ ಪ್ರಶ್ನೆ ತಡವಾಗಿ ಬಂದಾಗ ಸಹಪಾಠಿಯೊಬ್ಬ, “ಕೊನೇ ಬಸ್ಸು ಬಂತು ನೋಡ್ರಪ್ಪಾ!” ಎಂದಿದ್ದ. ಅಂದೂ ಅವರಿಗದು ಕೇಳಿಸಿತ್ತು. ನೊಂದುಕೊಂಡಾಳೆಂದು ಬಿಟ್ಟಿದ್ದರು, ಹಾಗೆಂದು ತಮಗೆ ತಾವೇ ಹೇಳಿಕೊಂಡಿದ್ದರು. ದಯೆಯ ವೇಷ ತೊಟ್ಟರೂ ಮರೆಮಾಚುವಿಕೆ ಸುಳ್ಳಿನ ಬಂಧುವೇ.

ಪ್ರತಿ ನಗುವಿನ ಕಾರಣವನ್ನೂ, ಆಡಿದವರಾರೆಂಬುದನ್ನೂ ಬರೆದು ಅವಳಿಗೆ ಕಳಿಸಿದರು. ಸಂಜೆಯೊಳಗೆ ಉತ್ತರ ಬಂತು: “ಸೋಮವಾರ ಬರ್ತೀನಿ. ನಿಮ್ಮನ್ನ ನಂಬಿ ಅಲ್ಲ. ಅಪ್ಪ ಪಕ್ಕದಲ್ಲಿ ಕೂತು ಕೇಳಿಸ್ಕೊಳ್ತಾರೆ.”

ಸೋಮವಾರ ಪರದೆಯ ಮೇಲಿನ ಅವಳ ಚೌಕದಲ್ಲಿ ಎರಡು ಮುಖಗಳಿದ್ದವು. ತಂದೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಹರಿಯುವ ಪ್ರತಿಯೊಂದು ಪದವನ್ನೂ ತಾಳೆ ನೋಡುತ್ತಿದ್ದ. ಪಾಠದ ನಡುವೆ ಆ ಸಹಪಾಠಿಯೇ, “ಇನ್ನೂ ಎಷ್ಟೊತ್ತಪ್ಪಾ ಇದು!” ಎಂದು ಗೊಣಗಿದ. ಹಿರಿಯರು ಗೊಣಗಿದವನ ಹೆಸರಿನ ಸಮೇತ ಅದನ್ನೂ ಬರಹಕ್ಕಿಳಿಸಿದರು. ಹುಡುಗಿ ತಂದೆಯತ್ತ ತಿರುಗಿದಳು. ಅವನು ಹೌದೆಂದು ತಲೆದೂಗಿದ.

ಆಮೇಲೆಯೇ ಅವಳು ತನ್ನ ಪ್ರಶ್ನೆಯನ್ನು ಬೆರಳಚ್ಚಿಸತೊಡಗಿದ್ದು.