ಅಚ್ಚಾಗದ ಕಪ್ಪೆಗಳನ್ನು ಹುಡುಕಿಕೊಂಡು

ಧಾರವಾಡದಿಂದ ಬೆಳಿಗ್ಗೆ ಆರಕ್ಕೆ ಹೊರಟ ಬಸ್ಸು ನನ್ನನ್ನು ಸಿಂಧನೂರಿನಲ್ಲಿ ಇಳಿಸಿದಾಗ ಮಧ್ಯಾಹ್ನ ದಾಟಿತ್ತು. ಗಂಗಾವತಿಯಿಂದೀಚೆಗೆ ರಸ್ತೆಯ ಎರಡೂ ಬದಿ ನೀರು ನಿಂತ ಗದ್ದೆಗಳು. ಅರೆನಿದ್ದೆಯಲ್ಲಿ ಬಸ್ಸು ಮೋಡಗಳ ನಡುವೆ ತೇಲುತ್ತಿದೆ ಎನಿಸಿತ್ತು. ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ತಿಂದು ಲಿಂಗಸುಗೂರಿನ ಬಸ್ಸು ಹತ್ತಿದೆ. ಹೆಂಗಸರಿಗೆ ಪ್ರಯಾಣ ಉಚಿತ. ಕಂಡಕ್ಟರು ಸೊನ್ನೆಯ ಚೀಟಿ ಕೊಟ್ಟರು.

ಪಕ್ಕದಲ್ಲಿ ಸಾಲಗುಂದದ ಹೆಂಗಸೊಬ್ಬರು ಕುಳಿತಿದ್ದರು. "ಯಾರ ಮನಿಗೆ ಹೊಂಟೀರಿ?"

"ಕಪ್ಪೆ ಎಣಿಸಿದ ಮೇಷ್ಟ್ರೊಬ್ಬರನ್ನ ನೋಡೋಕೆ."

"ಕಪ್ಪಿ ಎಣಿಸಾಕ ಪಗಾರ ಕೊಡ್ತಾರೇನ್ರಿ? ನಮ್ಮ ಗದ್ಯಾಗ ಪುಕ್ಕಟ ಒದರತಾವ!" ಎಂದು ನಕ್ಕರು.

ನಾನು ಕಪ್ಪೆ ಎಣಿಸಿದವಳಲ್ಲ. ಬೇರೆ ಬೇರೆಯವರು ಭತ್ತದ ಗದ್ದೆಗಳಲ್ಲಿ ಎಣಿಸಿ ಪ್ರಕಟಿಸಿದ್ದನ್ನೆಲ್ಲ ಒಟ್ಟುಗೂಡಿಸಿ, ಎಲ್ಲ ಸೇರಿ ಏನು ಹೇಳುತ್ತವೆಂದು ನೋಡುವುದು ನನ್ನ ಕೆಲಸ. ಕೀಟನಾಶಕ ಹೊಡೆದ ಗದ್ದೆಯಲ್ಲಿ ಕಪ್ಪೆ ಕಡಿಮೆ ಎಂಬುದು ಎರಡು ವರ್ಷದ ದುಡಿಮೆಯಿಂದ ನನಗೆ ಸಿಕ್ಕ ಉತ್ತರ. ಆದರೆ ಹಳೆಯ ವಿಚಾರ ಸಂಕಿರಣದ ಪುಸ್ತಿಕೆಯೊಂದರಲ್ಲಿ ನಾಲ್ಕು ಸಾಲು ಕಣ್ಣಿಗೆ ಬಿದ್ದವು: ಜವಳಗೇರಾದಲ್ಲಿ ಔಷಧಿ ಹೊಡೆದ ಮತ್ತು ಹೊಡೆಯದ ಗದ್ದೆಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಅಂಕಿಗಳು ಎಲ್ಲಿಯೂ ಅಚ್ಚಾಗಿರಲಿಲ್ಲ. ಅದನ್ನು ಬಿಟ್ಟುಬಿಟ್ಟರೆ ನನ್ನ ಉತ್ತರ ಸೊಗಸಾಗಿಯೇ ಉಳಿಯುತ್ತಿತ್ತು. ಮನಸ್ಸು ಒಪ್ಪಲಿಲ್ಲ.

ಮಸ್ಕಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಚಹಾ ಕುಡಿಯುತ್ತ, ಗುಡ್ಡದ ಬಂಡೆಗಳ ಮೇಲೆ ಮೋಡದ ನೆರಳು ಸರಿಯುವುದನ್ನು ನೋಡಿದೆ. ಮುಂದೆ ಗದ್ದೆಗಳು ಮುಗಿದು ತೊಗರಿ, ಸಜ್ಜೆಯ ಹೊಲಗಳು ತೆರೆದುಕೊಂಡವು.

ಲಿಂಗಸುಗೂರಿನಲ್ಲಿ ಆ ನಾಲ್ಕು ಸಾಲು ಬರೆದ ಭೀಮರಾಯ ಸರ್ ಮನೆ ಸುಲಭವಾಗಿ ಸಿಕ್ಕಿತು. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಪಡಸಾಲೆಯಲ್ಲಿ ಬುದ್ಧನ ಚಿತ್ರ; ಅದರ ಕೆಳಗೆ ಕುಳಿತು ನನ್ನ ಮಾತು ಪೂರ್ತಿ ಕೇಳಿಸಿಕೊಂಡರು.

"ಅದು ಫೇಲಾದ ಕೆಲಸರೀ. ಮೂರು ಮಳಿಗಾಲ ಎಣಿಸೀವಿ, ಫರಕ್ ಸಿಗಲಿಲ್ಲ. ಏನೂ ಸಿಗಲಾರದ್ದನ್ನ ಯಾರು ಛಾಪಸ್ತಾರ ಅಂದ್ರು ನಮ್ಮ ಗೈಡ್. ಪಿಎಚ್.ಡಿ. ಅಲ್ಲಿಗೇ ನಿಂತಿತು. ಈಗ ನೀವು ತಪ್ಪು ಹುಡುಕಾಕ ಬಂದೀರೇನು?"

"ಇಲ್ಲ ಸರ್. ಫರಕ್ ಸಿಕ್ಕವರದ್ದು ಅಚ್ಚಾಯಿತು, ಸಿಗದವರದ್ದು ಮನೆಯಲ್ಲೇ ಉಳಿಯಿತು. ಅಚ್ಚಾದದ್ದನ್ನಷ್ಟೇ ಕೂಡಿಸಿದರೆ ನಾನು ಹೇಳೋದು ಅರ್ಧ ಸತ್ಯ."

ಸರ್ ಅವರ ಪತ್ನಿ ನಾಗಮ್ಮನವರೇ ಎದ್ದು ಅಲಮಾರಿಯಿಂದ ಮೂರು ನೋಟ್‌ಬುಕ್ ತಂದರು. "ಕೊಡ್ರಿ ಅಕೀಗೆ. ಇಷ್ಟು ವರ್ಷಕ್ಕ ಒಬ್ರು ಕೇಳಾಕ ಬಂದಾರ."

ಪ್ರತಿ ಪುಟದಲ್ಲೂ ಎರಡು ಸಾಲು. ಸರ್ ಕಣ್ಣಿಂದ ಎಣಿಸಿದ್ದು ಒಂದು. ನಾಗಮ್ಮ ಬದುವಿನ ಮೇಲೆ ಕುಳಿತು, ಕಣ್ಣು ಮುಚ್ಚಿ, ಕೂಗಿನಿಂದ ಎಣಿಸಿದ್ದು ಇನ್ನೊಂದು. ಸರ್ ಓದುತ್ತ ಹೋದರು, ನಾನು ಬರೆದುಕೊಂಡೆ. ಏಳು, ಹನ್ನೊಂದು, ಒಂಬತ್ತು. ತೂಕಡಿಕೆ ತರಿಸುವ ಆ ದನಿಯಲ್ಲಿ ಕೋಣೆಯೊಳಗೆ ಹಳೆಯ ಮಳೆಗಾಲವೊಂದು ನಿಧಾನವಾಗಿ ತುಂಬಿಕೊಂಡಂತಾಯಿತು. ಎಷ್ಟು ಹೊತ್ತು ಹೋಯಿತೋ ತಿಳಿಯಲಿಲ್ಲ.

ಅಂಕಿಗಳನ್ನು ಲ್ಯಾಪ್‌ಟಾಪಿನಲ್ಲಿ ಸೇರಿಸಿದೆ. ನನ್ನ ಖಚಿತ ಉತ್ತರ ಮಂಕಾಯಿತು.

"ನೋಡ್ರಿ, ನಿಮ್ದೂ ಕೆಡಿಸಿದೆ," ಎಂದರು ಸರ್.

ನಾಗಮ್ಮ ಸಹಜವಾಗಿ ಕೇಳಿದರು: "ಅಲ್ರಿ, ನೀರು ಒಂದೇ ಅಲ್ಲೇನು? ಔಷಧಿ ಹೊಡದ ಮ್ಯಾಲಿನ ಗದ್ದಿ ನೀರೇ ಹೊಡೀಲಾರದ ಗದ್ದಿಗೆ ಇಳೀತಿತ್ತು."

ಸರ್ ಅವರನ್ನೇ ದಿಟ್ಟಿಸಿದರು. "ಆವಾಗ ಯಾಕ ಹೇಳಲಿಲ್ಲ ನೀ?"

"ನೀವು ಕಪ್ಪಿ ಕೇಳಿದ್ರಿ. ನೀರು ಕೇಳಲಿಲ್ಲ."

ಕಾರಣ ಹೊಳೆಯಿತೆಂದು ಅಂಕಿ ತೆಗೆದುಹಾಕುವಂತಿಲ್ಲ. ಅವು ಇದ್ದಂತೆಯೇ ಸೇರಿದವು. ಆದರೆ ಮಿಕ್ಕ ಎಲ್ಲರಿಗೂ ಕೇಳಬೇಕಾದ ಹೊಸ ಪ್ರಶ್ನೆ ನನಗೆ ಸಿಕ್ಕಿತ್ತು: ನಿಮ್ಮ ಗದ್ದೆಗೆ ನೀರು ಎಲ್ಲಿಂದ ಬರುತ್ತಿತ್ತು?

ರಾತ್ರಿ ಅಲ್ಲೇ ಉಳಿದೆ. ಮರುದಿನ ಆ ಹಳೆಯ ಗದ್ದೆಗಳನ್ನು ನೋಡಲು ಮೂವರೂ ಸಿಂಧನೂರಿಗೆ ಬಂದು ಜವಳಗೇರಾದ ಬಸ್ಸು ಹಿಡಿದೆವು. ನಾಟಿ ಮುಗಿದಿತ್ತು, ಹಸಿರು ಇನ್ನೂ ತೆಳುವಾಗಿ ನೀರಿನ ಮೇಲೆ ನಡುಗುತ್ತಿತ್ತು. ಸರ್ ಬದುವಿಗೆ ಇಳಿದವರೇ ಇಪ್ಪತ್ತು ವರ್ಷ ಚಿಕ್ಕವರಾದರು. ನನಗೆ ಊರಿನ ಬಸ್ಸಿನ ಹೊತ್ತಾಗುತ್ತಿತ್ತು. "ನೀವು ಹೋಗ್ರಿ, ನೀರು ಎಲ್ಲಿಂದ ಬರ್ತದ ನಾವು ನೋಡಿ ಬರ್ತೀವಿ," ಎಂದರು ಸರ್.

ಬಸ್ಸು ಹೊರಟಾಗ ಕಿಟಕಿಯಿಂದ ತಿರುಗಿ ನೋಡಿದೆ. ಸರ್ ಚಪ್ಪಲಿ ಕೈಯಲ್ಲಿ ಹಿಡಿದಿದ್ದರು, ನಾಗಮ್ಮ ಮುಂದೆ. ಇಬ್ಬರೂ ಕಾಲುವೆಯ ಏರಿ ಹಿಡಿದು, ನೀರು ಬರುವ ದಿಕ್ಕಿಗೆ ಎದುರಾಗಿ ನಡೆಯುತ್ತಿದ್ದರು.