ಕೊಬ್ಬರಿ ಮಂಡಿಯಲ್ಲಿ ಒಪ್ಪತ್ತು

ನಮ್ಮ ಯಜಮಾನರು ಸೀನಿದರೆ ಬೀದಿಯಲ್ಲಿ ಮಲಗಿದ ನಾಯಿ ಎದ್ದು ಓಡುತ್ತಿತ್ತು. ಆ ಬೆಳಿಗ್ಗೆಯೂ ಹಾಗೆಯೇ ಸೀನಿದರು. ಸ್ನಾನ ಮುಗಿಸಿ, ಲಿಂಗಪೂಜೆಗೆ ಅಂತ ಬರಿಮೈಯಲ್ಲಿ ಮಣೆಯ ಮೇಲೆ ಕೂತಿದ್ದರು. ವಿಭೂತಿ ಗಟ್ಟಿ ತಂದಿಟ್ಟು ತಲೆಯೆತ್ತಿದೆ. ಅವರ ಹೊಕ್ಕುಳು ಹೊರಗೆ ಬಂದಿತ್ತು.

ನಿಂಬೆಹಣ್ಣಿನಷ್ಟು.

"ಏನ್ರೀ ಅದು?" ಅಂದೆ. ಬಗ್ಗಿ ನೋಡಿಕೊಳ್ಳಲು ಹೋದರು. ಅಷ್ಟು ದೊಡ್ಡ ಹೊಟ್ಟೆಯಲ್ಲಿ ಅವರಿಗೇನು ಕಾಣಬೇಕು? ಬೆರಳಿನಿಂದ ಒತ್ತಿದರು, ಒಳಗೆ ಹೋಯಿತು. "ವಾಯು ಕಣೇ, ಬುಡು," ಅಂದು ಪೂಜೆಗೆ ಕೂತರು. ಶಿವನೇ, ಹೊಕ್ಕುಳಿಗೆ ವಾಯು ಬರುವುದನ್ನು ನಾನಂತೂ ಕೇಳಿರಲಿಲ್ಲ. ಹಟ ಹಿಡಿದು ತುಮಕೂರಿಗೆ ಹೊರಡಿಸಿದೆ.

ಅಲ್ಲಿನ ಸರ್ಜನ್ ನೋಡಿದವರೇ "ಹರ್ನಿಯಾ, ಆಪರೇಷನ್ ಆಗಬೇಕು" ಅಂದರು. ಆಮೇಲೆ ಹೊಟ್ಟೆಯ ಕೊಬ್ಬನ್ನು ಎರಡೂ ಕೈಯಲ್ಲಿ ಹಿಡಿದು ತಲೆಯಾಡಿಸಿದರು. "ಈಗ ಆಗಲ್ಲಮ್ಮ. ಈ ಮೈಗೆ, ಈ ಬಿ.ಪಿ.ಗೆ ಅನಸ್ತೇಷಿಯಾ ಕೊಡೋದು ಅಪಾಯ. ಹಾಕಿದ ಹೊಲಿಗೆನೂ ನಿಲ್ಲಲ್ಲ. ಒಂದಿಪ್ಪತ್ತು ಕೆ.ಜಿ. ಇಳಿಸ್ಕೊಂಡು ಬನ್ನಿ."

"ಅಲ್ಲೀತನಕ, ಸಾರ್?"

"ಕರುಳು ಅಲ್ಲಿ ಸಿಕ್ಕಿ ಹಾಕ್ಕೊಳ್ಳದಿದ್ರೆ ಸಾಕು. ಸಿಕ್ಕಿದ್ರೆ ಕಪ್ಪಾಗುತ್ತೆ. ಆಗ ದಪ್ಪ ಸಣ್ಣ ನೋಡ್ತಾ ಕೂರೋಕಾಗಲ್ಲ, ಕೊಯ್ಯಲೇಬೇಕು. ಉಳಿಯೋದು ಮಾತ್ರ ಹೇಳೋಕಾಗಲ್ಲ."

ಬಸ್ಸು ಹತ್ತಿ ತಿಪಟೂರಿಗೆ ವಾಪಸು ಬಂದೆವು.

ಮರುದಿನ ನಮ್ಮೂರಿನ ಡಾಕ್ಟರ ಹತ್ತಿರ ಹೋದೆವು. ಅವರು ಹೇಳಿದ್ದು ಬಹಳ ಸುಲಭವಾಗಿತ್ತು. ಮಧ್ಯಾಹ್ನ ಒಂದೇ ಊಟ. ಸಂಜೆ ಒಂದು ಲೋಟ ನೀರುಮಜ್ಜಿಗೆ. ವಾರವಾರ ಬಂದು ಬಿ.ಪಿ. ತೋರಿಸಬೇಕು, ತಲೆ ಸುತ್ತಿದರೆ ಆಗಲೇ ಬರಬೇಕು. ಯಜಮಾನರು ನಕ್ಕೇಬಿಟ್ಟರು. "ಒಪ್ಪತ್ತು ತಾನೇ ಸಾರ್? ಸೋಮವಾರ ಸೋಮವಾರ ನಾವು ಮಾಡೋದೇ ಅಲ್ವಾ?"

"ಸೋಮವಾರ ಏನೇನು ತಗೋತೀರಿ?" ಅಂತ ಡಾಕ್ಟರು ನನ್ನ ಕಡೆ ತಿರುಗಿದರು.

ಮುಚ್ಚಿಡುವಂಥದ್ದೇನಿತ್ತು, ಹೇಳಿದೆ. ಬೆಳಿಗ್ಗೆ ಕಾಯಿ ಹಾಕಿದ ಉಪ್ಪಿಟ್ಟು, ಬಾಳೆಹಣ್ಣು. ಮಧ್ಯಾಹ್ನ ಒಂದು ಹೊತ್ತು ಊಟ. ಸಂಜೆ ಅವಲಕ್ಕಿಗೆ ಕಾಯಿ, ಬೆಲ್ಲ. ಮಲಗುವಾಗ ಹಾಲು. "ಆದರೆ ರಾತ್ರಿ ಅನ್ನ ಮುಟ್ಟಲ್ಲ ಸಾರ್," ಅಂತಲೂ ಸೇರಿಸಿದೆ.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಇಂಥ ಉಪವಾಸ ಇದೆ ಅಂತ ಮೊದಲೇ ಹೇಳಬಾರದಾಮ್ಮ? ನಾನೂ ಮಾಡ್ತಿದ್ದೆ."

ಸರಿ, ಫಲಾಹಾರ ಬಂದ್ ಆಯಿತು. ಮನೆಯಲ್ಲಿ ತೂಗುವುದಕ್ಕೇನೂ ಇರಲಿಲ್ಲವಾದ್ದರಿಂದ ಇವರು ವ್ಯಾಪಾರ ಮಾಡುವ ಕೊಬ್ಬರಿ ಮಂಡಿಯಲ್ಲಿ ಚೀಲ ತೂಗುವ ಕಾಟಾದ ಮೇಲೆಯೇ ಹಮಾಲಿಗಳು ಇವರನ್ನು ನಿಲ್ಲಿಸಿದರಂತೆ. ಒಂದು ಕ್ವಿಂಟಾಲ್ ದಾಟಿ ಹೋಯಿತು. ಹಮಾಲಿಗಳು ನಕ್ಕರಂತೆ. ಇವರೂ ನಕ್ಕರಂತೆ. ಮನೆಗೆ ಬಂದಾಗ ಮುಖ ಸಣ್ಣಗಾಗಿತ್ತು.

ಮನೆಯಲ್ಲಿ ಅವರು ಮಾತು ತಪ್ಪಲಿಲ್ಲ, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಮಧ್ಯಾಹ್ನ ಒಂದು ರಾಗಿಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ. ನಾವು ಒಳಗೆ ರಾತ್ರಿ ಊಟಕ್ಕೆ ಕೂತರೆ ಅವರು ಜಗುಲಿಯಲ್ಲಿ ಕೂತು ಬೀದಿ ನೋಡುತ್ತಿದ್ದರು. ಘಮ ಹೊರಗೆ ಹೋಗುತ್ತದಲ್ಲ ಅಂತ ನಾನು ಸಂಜೆ ಒಗ್ಗರಣೆ ಹಾಕುವುದನ್ನೇ ಬಿಟ್ಟೆ. ತಿಂಗಳಾಯಿತು. ಮತ್ತೆ ಕಾಟಾದ ಮೇಲೆ ನಿಂತರು.

ಒಂದು ಕೆ.ಜಿ.ಯೂ ಇಳಿದಿರಲಿಲ್ಲ.

ಡಾಕ್ಟರು ನನ್ನನ್ನೇ ಒಂಥರಾ ನೋಡಿದರು. ನಮ್ಮತ್ತೆಯಂತೂ ನೇರವಾಗಿಯೇ ಕೇಳಿದರು. "ಏನವ್ವಾ, ಕದ್ದುಮುಚ್ಚಿ ಉಣ್ಣಕ್ಕಿಕ್ತಿದ್ದೀಯಾ ನನ್ ಮಗಂಗೆ?"

ಮೈಯೆಲ್ಲ ಉರಿದುಹೋಯಿತು. "ಇಲ್ಲತ್ತೆ, ನಿಮ್ಮ ಮಗ ಗಾಳಿ ಕುಡ್ದು ಊದ್ತಾವ್ರೆ," ಅಂದುಬಿಟ್ಟೆ.

ಆ ವಾರವೇ ಅದು ಸಿಕ್ಕಿ ಹಾಕಿಕೊಂಡಿತು. ಕೆಮ್ಮು ಬಂದು ಹೊರಬಂದ ಗಂಟು ಒತ್ತಿದರೆ ಒಳಗೆ ಹೋಗಲಿಲ್ಲ. ಕಲ್ಲಿನ ಹಾಗೆ ಗಟ್ಟಿಯಾಯಿತು. ಅವರ ಹಣೆಯಲ್ಲಿ ವಿಭೂತಿ ಬೆವರಿಗೆ ಕರಗಿ ಇಳಿಯುತ್ತಿತ್ತು. ಡಾಕ್ಟರು ಮನೆಗೇ ಓಡಿ ಬಂದು, ಕಾಲು ಮೇಲೆತ್ತಿ ಮಲಗಿಸಿ, ನಿಧಾನಕ್ಕೆ, ಬಹಳ ನಿಧಾನಕ್ಕೆ ಒತ್ತಿದರು. ಒಳಗೆ ಹೋಯಿತು. ಕೈ ತೊಳೆಯುತ್ತಾ ನನಗೊಬ್ಬಳಿಗೇ ಕೇಳುವಂತೆ ಹೇಳಿದರು: "ಮುಂದಿನ ಸಲ ಹೀಗೆ ಹೋಗುತ್ತೆ ಅಂತ ನಂಬ್ಕೋಬೇಡಿ."

ಯಜಮಾನರು ಎರಡು ದಿನ ಮಲಗಿ, ಮೂರನೆಯ ದಿನ ಮಂಡಿಗೆ ಹೊರಟುಬಿಟ್ಟರು. ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಮಜ್ಜಿಗೆಯ ತಂಬಿಗೆ ಹಿಡಿದು ಹಿಂದೆಯೇ ಹೋದೆ. ಮಂಡಿಗೆ ಹೆಂಗಸರು ಹೋಗುವ ರೂಢಿಯಿಲ್ಲ, ಬಾಗಿಲ ಪಕ್ಕದ ಚೀಲದ ಮೇಲೆ ಕೂತೆ. ದಬ್ಬೇಘಟ್ಟದವರೊಬ್ಬರು ಮಾಲು ತಂದಿದ್ದರು. ಇವರು ಒಂದು ಕೊಬ್ಬರಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು, ಚಾಕುವಿನಿಂದ ಚೂರು ಕೊಯ್ದರು, ಬಾಯಿಗೆ ಹಾಕಿಕೊಂಡರು. ಅಗಿದರು. ನುಂಗಿದರು. ಇನ್ನೊಂದು ಚೀಲ, ಇನ್ನೊಂದು ಚೂರು. ಆಮೇಲೆ ಹುಳಿಯಾರಿನ ಮಾಲು ಬಂತು. ಚಿಕ್ಕನಾಯಕನಹಳ್ಳಿಯದು ಬಂತು.

ನಾನು ಚೀಲದಿಂದ ಎದ್ದು ಹತ್ತಿರ ಹೋದೆ.

"ಏನ್ರೀ ತಿಂತಿರೋದು?"

"ತಿನ್ನೋದಾ? ಯಾರು ತಿಂದ್ರು?" ಅಂತ ನಿಜವಾಗಿಯೂ ಬೆರಗಾಗಿ ಕೇಳಿದರು. "ರುಚಿ ನೋಡ್ದೆ ಕಣೇ. ಕಮಟು ಬಂದೈತಾ, ಹಸಿ ಐತಾ ಅಂತ ನೋಡ್ಬೇಡ್ವಾ? ಕಸುಬು ಇದು."

ಸುಳ್ಳಿರಲಿಲ್ಲ ಆ ಮುಖದಲ್ಲಿ. ಹುಡುಗನಾಗಿದ್ದಾಗಿನಿಂದ ಮಾಡಿಕೊಂಡು ಬಂದ ಕೆಲಸ, ಕೈ ತಾನಾಗಿಯೇ ಬಾಯಿಗೆ ಹೋಗುತ್ತಿತ್ತು. ನಾನು ಮಜ್ಜಿಗೆಯನ್ನು ಹಮಾಲಿಗಳಿಗೆ ಬಗ್ಗಿಸಿ ತಂಬಿಗೆ ಖಾಲಿ ಮಾಡಿದೆ. "ಇವತ್ತೊಂದು ದಿನ ಬಾಯಿಗೆ ಹಾಕ್ಕೊಳ್ಳೋ ಚೂರೆಲ್ಲ ಇದಕ್ಕೆ ಹಾಕ್ರಿ," ಅಂದೆ. ಹೆಂಡತಿಗೆ ತಲೆ ಕೆಟ್ಟಿದೆ ಅನ್ನುವ ಹಾಗೆ ನಕ್ಕು ಒಪ್ಪಿದರು.

ದೀಪ ಹಚ್ಚುವ ಹೊತ್ತಿಗೆ ತಂಬಿಗೆ ಬಾಯಿಮಟ್ಟ ತುಂಬಿತ್ತು.

ಅವರು ತಂಬಿಗೆಯನ್ನು ನೋಡಿದರು. ಹೊಟ್ಟೆಯನ್ನು ನೋಡಿಕೊಂಡರು. ಚೀಲದ ಮೇಲೆ ಕುಸಿದು ಕೂತರು. "ಇಷ್ಟಾ ಕಣೇ? ದಿನಾ ಇಷ್ಟಾ?" ಅಂದರು. ನನಗೆ ಬೈಯಬೇಕು ಅನ್ನಿಸಲಿಲ್ಲ. ಅಯ್ಯೋ ಪಾಪ ಅನ್ನಿಸಿತು.

ಮರುದಿನದಿಂದ ಬಾಯಲ್ಲಿ ಒಂದು ಲವಂಗ ಇಟ್ಟುಕೊಂಡೇ ಮಂಡಿಗೆ ಹೋದರು. ಬಾಯಿ ಖಾರವಾಗಿದ್ದರೆ ರುಚಿ ನೋಡಿಯೂ ಪ್ರಯೋಜನವಿಲ್ಲವಲ್ಲ. ಸದ್ದು, ವಾಸನೆ, ಕೊಯ್ದ ಬಿಳುಪು ಇಷ್ಟನ್ನೇ ನಂಬಿಕೊಂಡು ವ್ಯಾಪಾರ ಮಾಡಿದರು. "ನಾಲಿಗೆ ಇಲ್ದಿದ್ರೆ ನಾನ್ಯಾತರ ವ್ಯಾಪಾರಿ?" ಅಂತ ಒಂದು ಸಂಜೆ ಕಣ್ಣಲ್ಲಿ ನೀರು ತಂದುಕೊಂಡರು. ಎಂಟು ಹತ್ತು ದಿನ ಸಿಡುಕಿದರು, ತಲೆನೋವು ಅಂದರು. ಡಾಕ್ಟರು ನೋಡಿ, ಬಿ.ಪಿ. ಇಳಿದಿದೆ ಅಂತ, ಚಿಟಿಕೆ ಉಪ್ಪು ಹಾಕಿದ ಮಜ್ಜಿಗೆ ಇನ್ನೊಂದು ಲೋಟ ಸೇರಿಸಿದರು.

ಆಮೇಲೆ ಇಳಿಯತೊಡಗಿತು.

ಅದನ್ನು ಹೇಗೆ ಹೇಳಲಿ? ಪಂಚೆಯ ಗಂಟು ಒಳಗೆ ಒಳಗೆ ಸರಿಯಿತು. ಕತ್ತು ಕಂಡಿತು. ಎಷ್ಟೋ ವರ್ಷಗಳಿಂದ ಕೊಬ್ಬಿನಲ್ಲಿ ಹೂತುಹೋಗಿದ್ದ ಉಂಗುರ ತಾನಾಗಿ ಜಾರಿ ಬಿತ್ತು. ದಿನವೆಲ್ಲ ಒಂದು ಮುದ್ದೆಯ ಮೇಲೆ ಓಡಾಡುವ ಈ ಮನುಷ್ಯನಿಗೆ ಶಕ್ತಿ ಎಲ್ಲಿಂದ ಬರುತ್ತಿದೆ ಅಂತ ಕೇಳಿದರೆ ಡಾಕ್ಟರು, "ಮೈಯಲ್ಲೇ ಕೂಡಿಟ್ಟಿದ್ದಾರಲ್ಲ, ಅದನ್ನೇ ಈಗ ಉಣ್ತಿದ್ದಾರೆ," ಅಂದರು. ಅಟ್ಟದ ಮೇಲೆ ಹಾಕಿದ ತೆಂಗಿನಕಾಯಿ ತನ್ನ ನೀರನ್ನು ತಾನೇ ಕುಡಿದು ವರ್ಷದೊಳಗೆ ಕೊಬ್ಬರಿಯಾಗುವುದನ್ನು ಹುಟ್ಟಿದಾಗಿನಿಂದ ನೋಡಿದವಳು ನಾನು. ಆದರೂ ಮೈಯೊಳಗೆ ಇಂಥದ್ದೊಂದು ಏರ್ಪಾಡಿದೆ, ನಾವು ಕೈ ತಡೆದರೆ ಸಾಕು ಅದು ತನ್ನ ಕೆಲಸ ಶುರುಮಾಡುತ್ತದೆ ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಅವರು ಪೂಜೆಗೆ ಕೂತಾಗ ನಾನು ಲಿಂಗಕ್ಕೆ ಕೈ ಮುಗಿದು, ಆ ಇಳಿದ ಹೊಟ್ಟೆಗೂ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದೆ.

ಆರು ತಿಂಗಳು ಕಳೆದು ತುಮಕೂರಿಗೆ ಹೋದಾಗ ಸರ್ಜನ್ ಗುರುತೇ ಹಿಡಿಯಲಿಲ್ಲ. ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚಿತು. ಹೊರಗೆ ಬೆಂಚಿನ ಮೇಲೆ ಅತ್ತೆ ನನ್ನ ಕೈ ಹಿಡಿದುಕೊಂಡೇ ಕೂತಿದ್ದರು. "ನಿನ್ನ ಸುಮ್ಸುಮ್ನೆ ಅಂದ್ಬುಟ್ಟೆ ಕಣವ್ವ," ಅಂದರು. ಬಾಗಿಲು ತೆರೆಯಿತು. "ಹೊಲಿಗೆ ಚೆನ್ನಾಗಿ ಕೂತಿದೆ," ಅಂದರು ಸರ್ಜನ್. ನಾವಿಬ್ಬರೂ ಒಟ್ಟಿಗೆ ಅತ್ತೆವು.

ಈಗ ಹೊಲಿಗೆ ಮಾಗಿದೆ. ಮುಂದೇನೋ ಗೊತ್ತಿಲ್ಲ, ಇವತ್ತಿನವರೆಗೆ ಚೆನ್ನಾಗಿದ್ದಾರೆ. ಚೂರುಪಾರು ಕೊಬ್ಬರಿ ತಿಂದರೆ ತೊಂದರೆಯಿಲ್ಲ ಅಂತ ಡಾಕ್ಟರು ಹೇಳಿದ ಮೇಲೆ ಲವಂಗವನ್ನೂ ಬಿಟ್ಟರು. ಮೊದಲ ದಿನ ಮಂಡಿಗೆ ನನ್ನನ್ನೂ ಕರೆದುಕೊಂಡು ಹೋದರು. ದಬ್ಬೇಘಟ್ಟದವರದೇ ಮಾಲು. ಕೊಯ್ದರು. ಕೈ ಮೇಲೆ ಹೋಯಿತು, ತುಟಿಯ ಹತ್ತಿರ ಬಂತು. ಹಮಾಲಿಗಳೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು.

ಕೈ ಅಲ್ಲೇ ನಿಂತಿತು. ನನ್ನ ಕಡೆ ತಿರುಗಿತು.

"ತಗೊಳೇ," ಅಂದರು. "ಹೆಂಗೈತೆ, ನೀನೇ ನೋಡಿ ಹೇಳು."

ಅಷ್ಟು ಜನರ ಮುಂದೆ ಬಾಯಿಗೆ ಹಾಕಿಕೊಂಡೆ. ಚೆನ್ನಾಗಿ ಒಣಗಿತ್ತು, ಸಿಹಿಯಾಗಿತ್ತು. ಮಾಲು ಸರಿಯಾಗಿದೆ ಅಂತ ತಲೆಯಾಡಿಸಿದೆ. ಅಷ್ಟಕ್ಕೇ ಅವರು ದರ ಕೂಗಿದರು.